ಸಿಎಂಎಸ್: ಹೂರಣ ಬೇರೆ, ಕಣಕ ಬೇರೆ

ಮೂಡಿಗೆರೆಯ ಹತ್ತಿರ ನನ್ನ ಅಕ್ಕ ಹೋಂಸ್ಟೇ ನಡೆಸುತ್ತಾಳೆ. ಮಳೆ ಹಿಡಿಯಿತೆಂದರೆ ಕೋಣೆಯ ದರ ಇಳಿಸಬೇಕು, ಜೀಪ್ ಸವಾರಿ ನಿಲ್ಲಿಸಬೇಕು. ಗೇಟಿನ ಹಲಗೆಯಲ್ಲಿ ಇದನ್ನು ಬರೆಯಲು ಎರಡು ನಿಮಿಷ ಸಾಕು. ಜಾಲತಾಣದಲ್ಲಿ ಬದಲಿಸಲು ಮಾತ್ರ ಅದನ್ನು ಮಾಡಿಕೊಟ್ಟವರಿಗೆ ಫೋನ್ ಮಾಡಿ ವಾರಗಟ್ಟಲೆ ಕಾಯಬೇಕಿತ್ತು. ಒಂದೇ ದರ ಏಳು ಪುಟಗಳಲ್ಲಿತ್ತು. ಕಳೆದ ಮಳೆಗಾಲದಲ್ಲಿ ಆರು ಪುಟ ತಿದ್ದಿ, ಒಂದನ್ನು ಮರೆತರು. ಆ ಒಂದನ್ನೇ ನೋಡಿದ ಅತಿಥಿಗಳು ದುಬಾರಿಯೆಂದು ಬೇರೆ ಕಡೆ ಹೋದರು. ಸಿಎಂಎಸ್ ಎಂದರೇನು ಎಂದು ಅಕ್ಕ ಕೇಳಿದ್ದು ಆಗ.

ಬ್ರೌಸರ್‌ನಲ್ಲಿ ಜಾಲತಾಣದ ಹೆಸರು ಬರೆದೊಡನೆ, ಆ ಹೆಸರಿಗೆ ಸೇರಿದ ಅಂಕಿಗಳ ವಿಳಾಸವನ್ನು ಡಿಎನ್‌ಎಸ್ ಎಂಬ ವ್ಯವಸ್ಥೆ ಹುಡುಕಿಕೊಡುತ್ತದೆ. ಆ ವಿಳಾಸದಲ್ಲಿ ಹಗಲಿರುಳೂ ಎಚ್ಚರವಿರುವ ಕಂಪ್ಯೂಟರೇ ಸರ್ವರ್. ಅದು ಪುಟವನ್ನು ಎಚ್‌ಟಿಎಂಎಲ್ ಎಂಬ, ಪುಟ ಬರೆಯುವ ಸಂಕೇತ ಭಾಷೆಯಲ್ಲಿ ಕಳುಹಿಸುತ್ತದೆ, ಬ್ರೌಸರ್ ಅದನ್ನು ಓದಿ ನಮಗೆ ತೋರಿಸುತ್ತದೆ. ವೆಬ್ ಅನ್ನು ರೂಪಿಸಿದ ಟಿಮ್ ಬರ್ನರ್ಸ್-ಲೀ 1991ರಲ್ಲಿ ಲೋಕಕ್ಕೆ ತೆರೆದ ಮೊದಲ ಜಾಲತಾಣದ ಪುಟಗಳು ಹೀಗೆ ಮೊದಲೇ ಬರೆದಿಟ್ಟ ಕಡತಗಳಾಗಿದ್ದವು. ಅಕ್ಕನದೂ ಅದೇ ಬಗೆಯದು. ಪುಟ ಏಳಿದ್ದರೆ ತಿದ್ದುವ ಕೆಲಸವೂ ಏಳು.

ಸಿಎಂಎಸ್ ಎಂದರೆ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್. ಕನ್ನಡದಲ್ಲಿ ‘ವಿಷಯ ನಿರ್ವಹಣಾ ವ್ಯವಸ್ಥೆ’ ಎನ್ನುವುದುಂಟು. ತಪ್ಪಲ್ಲ, ಆದರೆ ಕೇಳಿದವರ ಕಣ್ಣಿಗೆ ಏನೂ ಕಟ್ಟುವುದಿಲ್ಲ. ಕಂಟೆಂಟ್‌ಗೆ ‘ಹೂರಣ’ ಎನ್ನುವುದೇ ನನಗೆ ಇಷ್ಟ. ಹೋಳಿಗೆ ಮಾಡುವವರಿಗೆ ಇದರ ಗುಟ್ಟು ಗೊತ್ತು: ಹೂರಣವನ್ನೂ ಕಣಕವನ್ನೂ ಬೇರೆ ಬೇರೆ ಸಿದ್ಧಮಾಡಿಟ್ಟು, ಬೇಕಾದಾಗ ಕೂಡಿಸಿ ತಟ್ಟುತ್ತಾರೆ. ಹಾಗೆಯೇ ಇಲ್ಲಿ ಬರಹ, ದರ, ವಿವರಗಳೆಲ್ಲ ಡೇಟಾಬೇಸ್ ಎಂಬ ಮಾಹಿತಿಯ ಕಣಜದಲ್ಲಿ ಇರುತ್ತವೆ. ಬಣ್ಣ, ಅಕ್ಷರದ ಗಾತ್ರ, ಪುಟದ ವಿನ್ಯಾಸ ಥೀಮ್‌ನಲ್ಲಿ. ಯಾರಾದರೂ ಪುಟ ತೆರೆದಾಗ ಸಿಎಂಎಸ್ ಎರಡನ್ನೂ ಕೂಡಿಸಿ ಕೊಡುತ್ತದೆ. ದರವನ್ನು ಒಂದೇ ಕಡೆ ಇಟ್ಟು, ಎಲ್ಲ ಪುಟಗಳೂ ಅಲ್ಲಿಂದಲೇ ತೆಗೆದುಕೊಳ್ಳುವಂತೆ ಹೊಂದಿಸಿದರೆ ಒಮ್ಮೆ ತಿದ್ದಿದರೆ ಮುಗಿಯಿತು. ಅದನ್ನು ತಿದ್ದಲು ಎಚ್‌ಟಿಎಂಎಲ್ ಬಲ್ಲವರೇ ಬೇಕೆಂದಿಲ್ಲ. ಲಾಗಿನ್ ಆಗಿ, ಕನ್ನಡದಲ್ಲೇ ಬರೆದು, ಪ್ರಕಟಿಸುವ ಗುಂಡಿ ಒತ್ತಿದರಾಯಿತು. ತೋಟದ ಹಾದಿಯಲ್ಲಿ ಜಿಗಣೆ ಎಷ್ಟಿದೆ, ಬೆಳಗ್ಗೆ ಕಡುಬಿದೆಯೋ ಅಕ್ಕಿರೊಟ್ಟಿಯೋ ಎಂಬುದು ತಿಳಿದಿರುವುದು ಅಕ್ಕನಿಗೆ, ಬರೆಯಬೇಕಾದವಳೂ ಅವಳೇ.

2001ರ ದ್ರುಪಲ್, 2003ರ ವರ್ಡ್‌ಪ್ರೆಸ್, 2005ರ ಜೂಮ್ಲಾ ಹೆಸರಾದ ಸಿಎಂಎಸ್‌ಗಳು. ಮೂರೂ ಮುಕ್ತ ತಂತ್ರಾಂಶಗಳಾದ್ದರಿಂದ ಅವನ್ನು ಬಳಸಲು ಹಣ ಕೊಡಬೇಕಿಲ್ಲ. ಡೊಮೈನ್‌ಗೂ, ಅಂದರೆ ಜಾಲತಾಣದ ಹೆಸರಿಗೂ, ಸರ್ವರಿನ ಜಾಗಕ್ಕೂ ಮಾತ್ರ ಸಾಮಾನ್ಯವಾಗಿ ಪ್ರತಿವರ್ಷ ಖರ್ಚಿದೆ.

ಅಕ್ಕನಿಗೆ ಎರಡು ಮಾತು ಒತ್ತಿ ಹೇಳಿದ್ದೇನೆ. ಹೊಸ ಆವೃತ್ತಿ ಬಂದಾಗ ತಡಮಾಡದೆ ಹಾಕಿಕೊಳ್ಳಬೇಕು, ಏಕೆಂದರೆ ಕನ್ನ ಕೊರೆಯುವವರು ಹುಡುಕುವುದು ಹಳೆಯ ಆವೃತ್ತಿಯ ಬಿರುಕುಗಳನ್ನೇ. ಇಡೀ ಜಾಲತಾಣದ ಪ್ರತಿಗಳನ್ನು ಆಗಾಗ ತೆಗೆದಿಡಬೇಕು. ಡೇಟಾಬೇಸ್ ಒಂದನ್ನೇ ಉಳಿಸಿಕೊಂಡರೆ ಬರಹ ಸಿಗುತ್ತದೆ, ಫೋಟೋಗಳು ಸಿಗುವುದಿಲ್ಲ. ಸಾಮಾನ್ಯವಾಗಿ ಅವು ಇರುವುದು ಬೇರೆ ಫೋಲ್ಡರ್‌ನಲ್ಲಿ.