ಕೈ ಡೈನಿಂದ ಮೆಟ್ರಿಕ್ ಥ್ರೆಡ್: ಸರಳು ಎಷ್ಟು ದಪ್ಪವಿರಬೇಕು?

ಎಂ8 ಥ್ರೆಡ್‌ಗೆ, ಅಂದರೆ ಹೊರವ್ಯಾಸ ಹೆಸರಿಗೆ 8 ಮಿ.ಮೀ. ಇರುವ ಮೆಟ್ರಿಕ್ ಥ್ರೆಡ್‌ಗೆ, 8 ಮಿ.ಮೀ. ಸರಳು ಸಾಕು ಅನ್ನುವುದು ಎಲ್ಲರೂ ಹಾಕುವ ಲೆಕ್ಕ. ಡೈ (ಸರಳಿನ ಮೇಲೆ ಥ್ರೆಡ್ ಕತ್ತರಿಸುವ ಹಲ್ಲುಳ್ಳ ಉಪಕರಣ) ಬಿಗಿಯಾಗಿ ಸಿಕ್ಕಿಕೊಳ್ಳುವುದು, ಥ್ರೆಡ್ ಹರಿದು ಬರುವುದು, ನಟ್ ಅರ್ಧಕ್ಕೆ ನಿಲ್ಲುವುದು, ಇವುಗಳಲ್ಲಿ ಬಹುಪಾಲು ಶುರುವಾಗುವುದು ಈ ಲೆಕ್ಕದಿಂದಲೇ.

ಡೈನ ಹಲ್ಲುಗಳು ಲೋಹವನ್ನು ಕತ್ತರಿಸುವುದರ ಜೊತೆಗೆ ಒಂದಿಷ್ಟು ಹಿಂಡುತ್ತವೆ ಕೂಡ. ಕಣಿವೆ ತೋಡುವಾಗ ಪಕ್ಕಕ್ಕೆ ಒತ್ತಿದ ಲೋಹ ಮೇಲಕ್ಕೆ ಉಬ್ಬಿ ಶಿಖರವನ್ನು ಎತ್ತರಿಸುತ್ತದೆ. ಸರಳು ಮೊದಲೇ ಪೂರ್ತಿ 8 ಮಿ.ಮೀ. ಇದ್ದರೆ ಉಬ್ಬಿದ್ದಕ್ಕೆ ಹೋಗಲು ಜಾಗವಿಲ್ಲ. ಅದು ಡೈನ ಹಲ್ಲಿನ ತಳಕ್ಕೆ ತುರುಕಿಕೊಂಡು ಹರಿಯುತ್ತದೆ. ಥ್ರೆಡ್ ಅಳತೆ ಎಷ್ಟು ಹೆಚ್ಚುಕಡಿಮೆ ಆಗಬಹುದೆಂದು ಹೇಳುವ ದರ್ಜೆಗಳಲ್ಲಿ ಸಾಮಾನ್ಯ ಬಳಕೆಯದಾದ 6ಜಿಯಲ್ಲಿ ಎಂ8 ಬೋಲ್ಟಿನ ಹೊರವ್ಯಾಸ 7.760ರಿಂದ 7.972 ಮಿ.ಮೀ. ಒಳಗಿರಬೇಕು. ಅಂದರೆ ಪೂರ್ತಿ 8 ಅನ್ನುವುದು ಮೇಲಿನ ಮಿತಿಯನ್ನೂ ದಾಟಿದ ಅಳತೆ! ನೆನಪಿಡಲು ಸುಲಭವಾದ ಸೂತ್ರ ಹೀಗಿದೆ: ಹೆಸರಿನ ಅಳತೆಯಿಂದ ಪಿಚ್‌ನ (ಅಕ್ಕಪಕ್ಕದ ಎರಡು ಶಿಖರಗಳ ನಡುವಿನ ಅಂತರ) ಹತ್ತನೇ ಒಂದು ಭಾಗ ಕಳೆಯಿರಿ. ಎಂ6ರ ಪಿಚ್ 1 ಮಿ.ಮೀ., ಸರಳು 5.9. ಎಂ8ರ ಪಿಚ್ 1.25, ಸರಳು 7.87ರ ಆಸುಪಾಸು. ಎಂ10ಕ್ಕೆ ಪಿಚ್ 1.5, ಸರಳು 9.85. ಇವು ದಪ್ಪ ಪಿಚ್‌ನ, ಅಂದರೆ ಆಯಾ ಅಳತೆಗೆ ಸಾಮಾನ್ಯವಾಗಿ ಬಳಸುವ ದೊಡ್ಡ ಪಿಚ್‌ನ, ಅಂಕಿಗಳು. ಡೈ ಮೇಲೆ ಕೆತ್ತಿರುವ ಪಿಚ್ ಓದಿಕೊಂಡೇ ಲೆಕ್ಕ ಹಾಕಿ. ವ್ಯಾಸ ಇಷ್ಟು ಇಳಿಸಿದ್ದರಿಂದ ಬಲ ಹೇಳಿಕೊಳ್ಳುವಷ್ಟು ಕಡಿಮೆಯಾಗುವುದಿಲ್ಲ, ಏಕೆಂದರೆ ಭಾರ ಹೊರುವುದು ಥ್ರೆಡ್‌ನ ಇಳಿಜಾರು ಬದಿಗಳು, ಶಿಖರದ ತುದಿಯಲ್ಲ.

ಮುಂದಿನದು ಸರಳಿನ ತುದಿ. ಅರದಿಂದ ಅಥವಾ ಗ್ರೈಂಡರ್‌ನಿಂದ ಸುತ್ತಲೂ ಸಮನಾಗಿ 45 ಡಿಗ್ರಿ ಓರೆ ಕೊಡಿ. ಓರೆಯ ತುದಿ ಥ್ರೆಡ್‌ನ ತಳದ ವ್ಯಾಸಕ್ಕಿಂತ ಚೂರು ಸಣ್ಣದಾಗಬೇಕು. ಎಂ8ರಲ್ಲಿ ಥ್ರೆಡ್‌ನ ಆಳ ಸುಮಾರು 0.77 ಮಿ.ಮೀ., ಹಾಗಾಗಿ ತುದಿ 6.4ರಷ್ಟಾದರೆ ಸರಿ. ಒಂದು ಬದಿ ಹೆಚ್ಚು, ಇನ್ನೊಂದು ಬದಿ ಕಡಿಮೆ ಉಜ್ಜಿದರೆ ಡೈ ಆರಂಭದಲ್ಲೇ ವಾಲುತ್ತದೆ.

ಸೀಳುಳ್ಳ ದುಂಡು ಡೈ ಇದ್ದರೆ ಅದನ್ನು ಹ್ಯಾಂಡಲ್‌ನಲ್ಲಿ ಕೂರಿಸುವ ಕ್ರಮ ಗೊತ್ತಿರಬೇಕು. ಮೂರು ಸ್ಕ್ರೂ ಇರುವ ಹ್ಯಾಂಡಲ್‌ನಲ್ಲಿ ನಡುವಿನದು ಸೀಳಿಗೆ ಹೊಕ್ಕು ಡೈಯನ್ನು ಅಗಲಿಸುತ್ತದೆ, ಅಕ್ಕಪಕ್ಕದವು ಅದನ್ನು ಮುಚ್ಚುತ್ತವೆ. ಡೈ ಮೊದಲ ಸಲ ಓಡಿಸುವಾಗ ನಡುವಿನದನ್ನು ಬಿಗಿದು ಡೈ ತುಸು ತೆರೆದಿರಲಿ. ಡೈಗೆ ಎರಡು ಮುಖವಿದ್ದು, ಅಳತೆ ಕೆತ್ತಿರುವ ಮುಖದಲ್ಲಿ ಸಾಮಾನ್ಯವಾಗಿ ಆರಂಭದ ಹಲ್ಲುಗಳು ಹೆಚ್ಚು ಇಳಿಜಾರಾಗಿರುತ್ತವೆ. ಆ ಮುಖವೇ ಸರಳಿನ ಕಡೆಗಿರಬೇಕು. ಷಟ್ಕೋನದ ಗಟ್ಟಿ ಡೈ ನಟ್ ಇರುವುದು ಕೆಟ್ಟ ಥ್ರೆಡ್ ಸರಿಪಡಿಸಲು. ಹೊಸ ಸರಳಿನ ಮೇಲೆ ಅದನ್ನು ಓಡಿಸುವುದು ಹಟದ ಕೆಲಸ.

ಇಡೀ ಕೆಲಸದಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಡೈಯನ್ನು ತಿರುಗಿಸುವ ಮೊದಲ ಎರಡು ಸುತ್ತಿನಲ್ಲಿ. ಸರಳನ್ನು ವೈಸ್‌ನಲ್ಲಿ ನೆಟ್ಟಗೆ ನಿಲ್ಲಿಸಿ, ಎರಡೂ ಕೈಗಳಿಂದ ಸಮನಾಗಿ ಕೆಳಕ್ಕೆ ಒತ್ತುತ್ತಾ ತಿರುಗಿಸಿ. ಪ್ರತಿ ಅರ್ಧ ಸುತ್ತಿಗೂ ಮೂಲೆಮಟ್ಟ ಹಿಡಿದು ಎರಡು ದಿಕ್ಕಿನಿಂದ ನೋಡಿ. ಡೈ ಒಮ್ಮೆ ಹಿಡಿದುಕೊಂಡಿತೆಂದರೆ ತಾನು ಕೊರೆದ ದಾರಿಯಲ್ಲೇ ತನ್ನನ್ನು ಎಳೆದುಕೊಂಡು ಹೋಗುತ್ತದೆ. ಆಮೇಲೆ ಒತ್ತುವ ಅಗತ್ಯವಿಲ್ಲ. ಆದರೆ ದಾರಿಯೇ ಓರೆಯಾಗಿದ್ದರೆ ಅದನ್ನು ತಿದ್ದುವ ಶಕ್ತಿಯೂ ಡೈಗಿಲ್ಲ. ಬರೀ 1 ಡಿಗ್ರಿ ವಾಲಿದರೂ 20 ಮಿ.ಮೀ. ಉದ್ದ ಹೋಗುವಷ್ಟರಲ್ಲಿ ನಡುರೇಖೆ 0.35 ಮಿ.ಮೀ. ಪಕ್ಕಕ್ಕೆ ಸರಿದಿರುತ್ತದೆ. ಇದು ಎಂ8 ಥ್ರೆಡ್‌ನ ಆಳದ ಹೆಚ್ಚುಕಡಿಮೆ ಅರ್ಧ. ಒಂದು ಬದಿಯಲ್ಲಿ ಥ್ರೆಡ್ ಆಳವಾಗಿ, ಎದುರು ಬದಿಯಲ್ಲಿ ತೆಳುವಾಗಿ ಕಂಡರೆ ಕಾರಣ ಇದೇ. ಲೇತ್ ಇದ್ದವರು ಸರಳನ್ನು ಚಕ್‌ನಲ್ಲಿ ಹಿಡಿದು, ಟೇಲ್‌ಸ್ಟಾಕ್‌ನ ಚಪ್ಪಟೆ ಮುಖವನ್ನು ಡೈ ಹ್ಯಾಂಡಲ್‌ನ ಬೆನ್ನಿಗೆ ಆನಿಸಿ, ಯಂತ್ರ ಚಾಲೂ ಮಾಡದೆ ಕೈಯಿಂದಲೇ ತಿರುಗಿಸಿದರೆ ಈ ತಲೆನೋವೇ ಇರುವುದಿಲ್ಲ.

ಅಲ್ಲಿಂದ ಮುಂದೆ ಅರ್ಧ ಅಥವಾ ಒಂದು ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ. ಹಿಂದೆ ಬಂದಾಗ ಲೋಹದ ಚೂರು ಟಕ್ ಎಂದು ಮುರಿಯುವುದು ಕೈಗೆ ತಿಳಿಯುತ್ತದೆ. ಉಕ್ಕಿಗೆ ಕಟಿಂಗ್ ಆಯಿಲ್ ಧಾರಾಳವಾಗಿರಲಿ, ಅಲ್ಯೂಮಿನಿಯಂಗೆ ಸೀಮೆಎಣ್ಣೆ ಸಾಕು. ಹಿತ್ತಾಳೆಯನ್ನೂ ಎರಕದ ಕಬ್ಬಿಣವನ್ನೂ ಒಣದಾಗಿಯೇ ಕತ್ತರಿಸಬಹುದು. ಸ್ಟೇನ್‌ಲೆಸ್ ಸ್ಟೀಲ್‌ನ ಸ್ವಭಾವ ಬೇರೆ: ಮೊಂಡಾದ ಡೈ ಅದನ್ನು ಉಜ್ಜಿದಷ್ಟೂ ಮೇಲ್ಪದರ ಗಟ್ಟಿಯಾಗುತ್ತಾ ಹೋಗುತ್ತದೆ. ಅದಕ್ಕೆ ಹರಿತವಾದ ಹೈಸ್ಪೀಡ್ ಸ್ಟೀಲ್ ಡೈ ಬೇಕು, ಕತ್ತರಿಸುವಾಗ ಹಿಂಜರಿಯಬಾರದು.

ಡೈಯನ್ನು ಮೊದಲ ಸಲ ಕೊನೆಯವರೆಗೆ ಓಡಿಸಿದ ಮೇಲೆ ಚೂರುಗಳನ್ನು ಬ್ರಶ್‌ನಿಂದ ತೆಗೆದು, ನಟ್ ಹಾಕಿ ನೋಡಿ. ಬಿಗಿ ಅನ್ನಿಸಿದರೆ ನಡುವಿನ ಸ್ಕ್ರೂ ಸಡಿಲಿಸಿ, ಪಕ್ಕದವುಗಳನ್ನು ಸಮನಾಗಿ ಚೂರು ಬಿಗಿದು ಇನ್ನೊಮ್ಮೆ ಓಡಿಸಿ. ಒಂದೇ ಸಲಕ್ಕೆ ಪೂರ್ತಿ ಆಳ ತೆಗೆಯಲು ಹೋದರೆ ಸಮಯವೇನೋ ಉಳಿಯುತ್ತದೆ, ಥ್ರೆಡ್‌ನ ಮೈ ಮಾತ್ರ ಒರಟಾಗುತ್ತದೆ. ನಟ್ ಮೊದಲು ಸಲೀಸಾಗಿ ಹೋಗಿ, ಮುಂದೆ ಹೋದಂತೆಲ್ಲ ಬಿಗಿಯಾಗುತ್ತಿದ್ದರೆ ಮಾತ್ರ ಡೈ ಮುಚ್ಚುವ ಮೊದಲು ಪಿಚ್ ಗೇಜ್ ಹಿಡಿದು ನೋಡಿ: 1.25 ಪಿಚ್‌ನ ನಟ್ಟಿಗೆ 1 ಪಿಚ್‌ನ ಎಂ8 ಡೈ ಓಡಿಸಿರಬಹುದು, ಎರಡೂ ಅಳತೆ ಬಳಕೆಯಲ್ಲಿವೆ.

ಥ್ರೆಡ್ ಒಂದು ಮೆಟ್ಟಿಲಿನ ತನಕ, ಅಂದರೆ ದಪ್ಪ ಭಾಗ ಶುರುವಾಗುವ ಕಡೆಗೆ ತಾಗಬೇಕಿದ್ದರೆ ಕೊನೆಯ ಒಂದೆರಡು ಸುತ್ತು ಅರೆಬರೆಯಾಗಿಯೇ ಉಳಿಯುತ್ತದೆ, ಏಕೆಂದರೆ ಡೈನ ಮುಂದಿನ ಇಳಿಜಾರು ಹಲ್ಲುಗಳು ಪೂರ್ತಿ ಆಳ ಕತ್ತರಿಸುವುದಿಲ್ಲ. ಡೈಯನ್ನು ಪೂರ್ತಿ ಬಿಚ್ಚಿ, ಮಗುಚಿ, ಆಗಲೇ ಆಗಿರುವ ಥ್ರೆಡ್ ಮೇಲೆ ತಿರುಗಿಸಿಕೊಂಡು ಕೊನೆಯವರೆಗೆ ಒಯ್ಯಿರಿ. ಮೆಟ್ಟಿಲಿಗೆ ತಾಗಿದ್ದು ಕೈಗೆ ತಿಳಿದ ತಕ್ಷಣ ನಿಲ್ಲಿಸಬೇಕು, ಅಲ್ಲಿಯೂ ಒತ್ತಿದರೆ ಹಲ್ಲು ಮುರಿಯುತ್ತದೆ.