ಆಲೆಮನೆಯ ನಕ್ಷೆ: ಗೋದಾಮಿಗಿಂತ ಮೊದಲು ಸಿಪ್ಪೆಗೆ ಜಾಗ

ಪ್ರಶ್ನೆ: ಮಂಡ್ಯದ ಹತ್ತಿರ ರಸ್ತೆಗೆ ಹೊಂದಿಕೊಂಡಂತೆ 20 ಗುಂಟೆ ಜಮೀನಿದೆ. ದಿನಕ್ಕೆ 10 ಟನ್ ಕಬ್ಬು ಅರೆಯುವ ಆಲೆಮನೆ, ಬೆಲ್ಲದ ಗೋದಾಮು, ಮುಂಭಾಗದಲ್ಲಿ ಒಂದು ಮಾರಾಟ ಮಳಿಗೆ ಮಾಡಬೇಕೆಂದಿದ್ದೇನೆ. ಎಂಜಿನಿಯರ್ 60×100 ಅಡಿ ಶೆಡ್ಡಿನ ನಕ್ಷೆ ಕೊಟ್ಟಿದ್ದಾರೆ. ಯಾವುದನ್ನು ಎಲ್ಲಿಡಬೇಕು? ಗೋದಾಮು ಎಷ್ಟು ದೊಡ್ಡದಿರಬೇಕು?

ಉತ್ತರ: ಆ ನಕ್ಷೆಯನ್ನು ಸದ್ಯಕ್ಕೆ ಮಡಚಿಡಿ. ‘ಒಂದು ಜಿಲ್ಲೆ ಒಂದು ಉತ್ಪನ್ನ’ ಯೋಜನೆಯಲ್ಲಿ ಮಂಡ್ಯಕ್ಕೆ ಬೆಲ್ಲವೇ ಆಯ್ಕೆಯಾದ ಮೇಲೆ ಹೊಸ ಆಲೆಮನೆ ಕಟ್ಟುವ ಉತ್ಸಾಹ ಹೆಚ್ಚಿದೆ. ಆದರೆ ಕೇಳುವವರೆಲ್ಲ ಕೇಳುವುದು ಶೆಡ್ಡು, ಗೋದಾಮು, ಮಳಿಗೆಗಳ ವಿಚಾರವನ್ನೇ. ನಿಮ್ಮ ಪ್ರಶ್ನೆಯಲ್ಲೂ ಕಬ್ಬಿನ ಸಿಪ್ಪೆಯ ಮಾತಿಲ್ಲ. ನಿಮ್ಮ ಜಮೀನಿನ ಅರ್ಧ ಭಾಗವನ್ನು ನುಂಗುವುದು ಅದೇ.

ಯಾವ ಘಟಕದ ನಕ್ಷೆಯಾದರೂ ಶುರುವಾಗಬೇಕಾದದ್ದು ಒಂದು ತೂಕದ ಪಟ್ಟಿಯಿಂದ: ದಿನಕ್ಕೆ ಏನು ಒಳಗೆ ಬರುತ್ತದೆ, ಏನಾಗುತ್ತದೆ, ಏನು ಹೊರಗೆ ಹೋಗುತ್ತದೆ? 10 ಟನ್ ಕಬ್ಬನ್ನು ಗಾಣಕ್ಕೆ ಕೊಟ್ಟರೆ ಹೆಚ್ಚುಕಡಿಮೆ 6 ಟನ್ ಕಬ್ಬಿನ ಹಾಲು, 4 ಟನ್ ಹಸಿ ಸಿಪ್ಪೆ ಬರುತ್ತದೆ. ಆ 6 ಟನ್ ಹಾಲು ಕೊಪ್ಪರಿಗೆಯಲ್ಲಿ ಕುದಿದು ಕೊನೆಗೆ ಉಳಿಯುವ ಬೆಲ್ಲ ಸುಮಾರು 1 ಟನ್. ಉಳಿದ 5 ಟನ್ ನೀರು ಆವಿಯಾಗಿ ಚಾವಣಿಯತ್ತ ಏರುತ್ತದೆ. ನೀವು ಮಾರುವ ವಸ್ತು ಈ ಲೆಕ್ಕದಲ್ಲಿ ಎಲ್ಲಕ್ಕಿಂತ ಹಗುರ. ಗೋದಾಮಿನಿಂದ ನಕ್ಷೆ ಶುರುಮಾಡಿದರೆ ಹಗುರವಾದದ್ದಕ್ಕೆ ಒಳ್ಳೆಯ ಜಾಗ ಸಿಕ್ಕಿ, ಭಾರವಾದದ್ದೆಲ್ಲ ಅಡ್ಡಾದಿಡ್ಡಿ ಓಡಾಡಬೇಕಾಗುತ್ತದೆ.

ಮುಂದಿನ ಹೆಜ್ಜೆ, ತೂಕವನ್ನು ದೂರದಿಂದ ಗುಣಿಸುವುದು. ಕಬ್ಬಿನ ರಾಶಿಯಿಂದ ಗಾಣಕ್ಕೆ 20 ಮೀಟರ್ ಎಂದುಕೊಳ್ಳಿ: 10 ಟನ್ನಿಗೆ 200 ಟನ್-ಮೀಟರ್. ಒಲೆಗೆ ಉರುವಲಾಗುವ ಸಿಪ್ಪೆಯನ್ನು 40 ಮೀಟರ್ ಆಚೆಗೆ ಒಯ್ದು ಒಣಗಿಸಿದರೆ ಹೋಗುವಾಗ 160. ಒಣಗಿ ಸುಮಾರು 2.2 ಟನ್ನಿಗೆ ಇಳಿದ ಮೇಲೆ ಒಲೆಗೆ ಮರಳುವಾಗ 88. ಒಟ್ಟು 248, ಅಂದರೆ ಕಬ್ಬಿಗಿಂತಲೂ ಹೆಚ್ಚು. ಬೆಲ್ಲವನ್ನು 60 ಮೀಟರ್ ದೂರದ ಗೋದಾಮಿಗೆ ಸಾಗಿಸಿದರೂ ಬರೀ 60. ಗೋದಾಮು ದೂರವಿದ್ದರೆ ನಷ್ಟವೇನಿಲ್ಲ. ಸಿಪ್ಪೆಯ ಕಣ ದೂರವಾದರೆ ಪ್ರತಿದಿನ ಕೂಲಿ ತೆರಬೇಕು. ಕಬ್ಬಿನ ಹಾಲು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಗಾಣವನ್ನು ಎತ್ತರದ ಕಟ್ಟೆಯ ಮೇಲಿಟ್ಟರೆ ಅದು ತಾನಾಗಿಯೇ ಹರಿದು ಕೊಪ್ಪರಿಗೆಗೆ ಬರುತ್ತದೆ. ಆದರೂ ಕೊಳವೆ ಉದ್ದ ಬೇಡ: ನಿಂತ ಹಾಲು ಬೇಗ ಹುಳಿಯುತ್ತದೆ, ಉದ್ದದ ಕೊಳವೆಯನ್ನು ದಿನವೂ ತೊಳೆಯುವವರು ಯಾರು?

ಈಗ ಸಿಪ್ಪೆಯ ಜಾಗ. ಸಡಿಲವಾಗಿ ಹರಡಿದ ಹಸಿ ಸಿಪ್ಪೆ ಒಂದು ಘನ ಮೀಟರಿಗೆ ಸುಮಾರು 120 ಕೆ.ಜಿ. ತೂಗುತ್ತದೆ ಎಂದಿಟ್ಟುಕೊಳ್ಳೋಣ. 4 ಟನ್ ಎಂದರೆ 33 ಘನ ಮೀಟರ್. ನಾಲ್ಕು ಇಂಚು ದಪ್ಪಕ್ಕೆ ಹರಡಿದರೆ ದಿನಕ್ಕೆ 330 ಚದರ ಮೀಟರ್; ಮೂರು ದಿನದ ಬಿಸಿಲು ಬೇಕೆಂದರೆ 1,000 ಚದರ ಮೀಟರ್, ಅಂದರೆ 10 ಗುಂಟೆ. ನಿಮ್ಮ 60×100 ಶೆಡ್ಡಿಗೆ ಇನ್ನೂ ಐದೂವರೆ ಗುಂಟೆ ಹೋಗುತ್ತದೆ. ಉಳಿದ ನಾಲ್ಕೂವರೆ ಗುಂಟೆಯಲ್ಲಿ ಕಬ್ಬಿನ ರಾಶಿ, ಟ್ರ್ಯಾಕ್ಟರ್, ಗಿರಾಕಿಗಳ ಕಾರು, ಕೆಲಸಗಾರರ ಶೌಚಾಲಯ, ಕೊಳವೆಬಾವಿ ಎಲ್ಲವೂ ಇರಬೇಕು. ರಸ್ತೆಯನ್ನೇ ಕಣ ಮಾಡಿಕೊಳ್ಳುವುದು ನಮ್ಮ ಕಡೆ ಹೊಸದೇನಲ್ಲ, ಆದರೆ ರಾಗಿಗೆ ನಡೆದದ್ದು ವರ್ಷವಿಡೀ ಬೀಳುವ ಸಿಪ್ಪೆಗೆ ನಡೆಯುವುದಿಲ್ಲ. ಪಕ್ಕದ ಜಮೀನನ್ನು ಗುತ್ತಿಗೆಗೆ ಪಡೆಯಿರಿ, ಇಲ್ಲವೇ ಅರೆಯುವ ಪ್ರಮಾಣವನ್ನು ಇಳಿಸಿ.

ಒಣ ಸಿಪ್ಪೆ ಸಾಲದಿದ್ದಾಗ ಏನಾಗುತ್ತದೆಂದು ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಹಸಿ ಸಿಪ್ಪೆ ಉರಿಯದೆ ಹೊಗೆಯಾಡುತ್ತದೆ, ಪಾಕ ಹದಕ್ಕೆ ಬರಲು ತಡವಾಗುತ್ತದೆ, ಆಗ ಕೆಲವರು ಹಳೆಯ ಟೈರು, ಪ್ಲಾಸ್ಟಿಕ್ ಒಲೆಗೆ ತುರುಕುತ್ತಾರೆ. ಅದನ್ನು ಬರೀ ಮಾಲೀಕರ ದುರಾಸೆ ಎಂದು ಬೈಯುವವರಿದ್ದಾರೆ. ಅರ್ಧ ತಪ್ಪು ನಕ್ಷೆಯದು ಎಂಬುದು ನನ್ನ ಅಭಿಪ್ರಾಯ. ಮಳೆಗಾಲಕ್ಕೆಂದು ಒಂದು ವಾರದ ಒಣ ಸಿಪ್ಪೆಯನ್ನು ಚಪ್ಪರದಡಿ ಇಡಲು 10 ಅಡಿ ಎತ್ತರದ ರಾಶಿಗೆ ಸುಮಾರು 550 ಚದರಡಿ ಸಾಕು. ಶೆಡ್ಡನ್ನು ಚಿಕ್ಕದು ಮಾಡಿ ಉಳಿಸಿದ ಹಣ ಇದಕ್ಕೆ ಹೋಗಲಿ.

ಹತ್ತಿರವಿರಬೇಕಾದವು ಯಾವುವು ಎಂಬುದರ ಜೊತೆಗೆ ದೂರವಿರಬೇಕಾದವು ಯಾವುವು ಎಂದೂ ಕೇಳಬೇಕು. ಅಮೆರಿಕದ ಎಂಜಿನಿಯರ್ ರಿಚರ್ಡ್ ಮ್ಯೂಥರ್ 1960ರ ದಶಕದ ಆರಂಭದಲ್ಲಿ ರೂಪಿಸಿದ ವಿಧಾನ ಇದಕ್ಕೆ ಇಂದಿಗೂ ಒದಗುತ್ತದೆ. ಪ್ರತಿ ಎರಡು ವಿಭಾಗಗಳ ಜೋಡಿಗೂ ಒಂದು ಅಕ್ಷರ: ‘ಎ’ ಎಂದರೆ ಅಂಟಿಕೊಂಡೇ ಇರಬೇಕು, ‘ಯು’ ಎಂದರೆ ಹೇಗಿದ್ದರೂ ಸರಿ, ‘ಎಕ್ಸ್’ ಎಂದರೆ ಹತ್ತಿರ ಬರಲೇಕೂಡದು, ನಡುವೆ ಇನ್ನೂ ಮೂರು ಮಟ್ಟಗಳಿವೆ. ಗಾಣ ಮತ್ತು ಕೊಪ್ಪರಿಗೆ ‘ಎ’. ಒಲೆ ಮತ್ತು ಸಿಪ್ಪೆಯ ರಾಶಿಯದು ವಿಚಿತ್ರ ಜೋಡಿ: ಕೆಲಸಕ್ಕೆ ಹತ್ತಿರ ಬೇಕು, ಬೆಂಕಿಯ ಭಯಕ್ಕೆ ದೂರ ಬೇಕು. ಪರಿಹಾರವೆಂದರೆ ಒಲೆಯ ಬಾಯಿಯ ಬಳಿ ಒಂದು ಪಾಳಿಗೆ ಸಾಕಾಗುವಷ್ಟು ಮಾತ್ರ, ದೊಡ್ಡ ರಾಶಿ ಬೇರೆ ಕಡೆ.

ಯಾವ ಕಡೆ ಎಂಬುದನ್ನು ಗಾಳಿ ಹೇಳುತ್ತದೆ. ನಮ್ಮಲ್ಲಿ ಮುಂಗಾರಿನ ಗಾಳಿ ಪಶ್ಚಿಮ, ನೈರುತ್ಯದಿಂದ ಬೀಸುತ್ತದೆ. ಚಳಿಗಾಲದ್ದು ಪೂರ್ವ, ಈಶಾನ್ಯದಿಂದ. ಚಿಮಣಿಯ ಕಿಡಿ ಅರ್ಧ ವರ್ಷ ಅತ್ತ, ಅರ್ಧ ವರ್ಷ ಇತ್ತ ಹಾರುತ್ತದೆ. ಆದ್ದರಿಂದ ರಾಶಿ ಚಿಮಣಿಯ ಪೂರ್ವಕ್ಕೂ ಬೇಡ, ಪಶ್ಚಿಮಕ್ಕೂ ಬೇಡ; ಉತ್ತರಕ್ಕೋ ದಕ್ಷಿಣಕ್ಕೋ ಇರಲಿ. ಮನೆಯ ಹಿರಿಯರು ಆಗ್ನೇಯದಲ್ಲೇ ಒಲೆ ಇರಬೇಕೆಂದರೆ ಜಗಳವಾಡಬೇಡಿ. ಮುಂಗಾರಿನಲ್ಲಿ ಅಲ್ಲಿಂದ ಹೊಗೆ ನಿವೇಶನದ ಒಳಕ್ಕೆ ಬರುವುದು ಕಡಿಮೆ. ಪೂರ್ವದ ಬೇಲಿಯಾಚೆ ಯಾರದಾದರೂ ಮನೆಯಿದ್ದರೆ ಮಾತ್ರ ವಾಸ್ತುವನ್ನು ಬಿಟ್ಟು ನೆರೆಯವರನ್ನು ಉಳಿಸಿಕೊಳ್ಳಿ.

ನಿಜವಾದ ‘ಎಕ್ಸ್’ ಜೋಡಿ ಕೊಪ್ಪರಿಗೆ ಮತ್ತು ಗೋದಾಮಿನದು. ದಿನಕ್ಕೆ 5 ಟನ್ ಆವಿ ಎದ್ದೇಳುವ ಸೂರಿನಡಿಯಲ್ಲೇ, ತೇವವನ್ನು ಹೀರಿಕೊಂಡು ಜಿನುಗುವ ಬೆಲ್ಲವನ್ನು ಪೇರಿಸಿಡುವುದು ಕೆಟ್ಟ ಯೋಜನೆ. ಎಂಜಿನಿಯರ್ ಕೊಟ್ಟ ಒಂದೇ ದೊಡ್ಡ ಶೆಡ್ಡಿನ ದೋಷ ಇದೇ. ಕುದಿಸುವ ಭಾಗಕ್ಕೆ ಎತ್ತರದ ಚಾವಣಿ, ನೆತ್ತಿಯಲ್ಲಿ ಉದ್ದಕ್ಕೂ ತೆರೆದ ಗಾಳಿಕಿಂಡಿ ಇರಲಿ. ಗೋದಾಮಿಗೆ ಪ್ರತ್ಯೇಕ ಗೋಡೆ, ಪ್ರತ್ಯೇಕ ಸೂರು. ನಡುವೆ ಅಚ್ಚು ಹೊಯ್ದು ತಣಿಸುವ ಕೋಣೆ, ಆಮೇಲೆ ಪ್ಯಾಕಿಂಗ್.

ಅಳತೆ ಕೇಳಿದಿರಿ. ದಿನಕ್ಕೆ 1 ಟನ್ನಿನಂತೆ 15 ದಿನದ ದಾಸ್ತಾನು 15 ಟನ್. ಪೆಟ್ಟಿಗೆಗಳನ್ನು ನಾಲ್ಕು ಅಡಿಗಿಂತ ಎತ್ತರಕ್ಕೆ ಪೇರಿಸಬೇಡಿ, ಕೆಳಗಿನವು ಕುಸಿಯುತ್ತವೆ. ಹಾಗೆ ಇಟ್ಟರೆ ಪೇರಿಕೆಗೆ ಸುಮಾರು 200 ಚದರಡಿ, ಓಡಾಟದ ಹಾದಿ ಮತ್ತು ಗೋಡೆಯಿಂದ ಬಿಡುವ ಅಂತರಕ್ಕೆ ಇನ್ನೊಂದು 200. ಒಟ್ಟು 400 ಚದರಡಿ ಸಾಕು. ನೆಲಕ್ಕೆ ತಾಗದಂತೆ ಮರದ ಹಲಗೆ ಹಾಕಿ. ಎರಡು ಬಾಗಿಲುಗಳಿರಲಿ: ಒಂದರಿಂದ ಒಳಗೆ, ಇನ್ನೊಂದರಿಂದ ಹೊರಗೆ. ಒಂದೇ ಬಾಗಿಲಿದ್ದರೆ ಹಳೆಯ ಬೆಲ್ಲ ಮೂಲೆಯಲ್ಲೇ ಉಳಿದು ಹೊಸದು ಮೊದಲು ಮಾರಾಟವಾಗುತ್ತದೆ. ಬೆಲೆ ಏರಲೆಂದು ತಿಂಗಳುಗಟ್ಟಲೆ ಹಿಡಿದಿಡುವ ವ್ಯಾಪಾರ ನಿಮ್ಮದಾದರೆ ಈ ಲೆಕ್ಕ ಬದಲಾಗುತ್ತದೆ, ಆಗ ಅದನ್ನು ಆಲೆಮನೆಯ ಆವರಣದಲ್ಲೇ ಇಡಬೇಕೆಂದೂ ಇಲ್ಲ.

ಕಬ್ಬಿನ ರಾಶಿಗೆ ಒಂದು ದಿನದ ಜಾಗ ಮಾತ್ರ ಕೊಡಿ. ಕಡಿದ ಕಬ್ಬು ಕಾದಷ್ಟೂ ಸಕ್ಕರೆಯ ಅಂಶ ಇಳಿಯುತ್ತದೆ. ಜಾಗ ಹೆಚ್ಚಿದ್ದರೆ ಕಾಯಿಸುವ ಚಟವೂ ಬೆಳೆಯುತ್ತದೆ.

ರಸ್ತೆ ಒಂದೇ ಕಡೆ ಇರುವುದರಿಂದ ಒಟ್ಟು ಹರಿವು ಕುದುರೆ ಲಾಳದ ಆಕಾರದಲ್ಲಿರಲಿ: ಒಂದು ತುದಿಯಲ್ಲಿ ಕಬ್ಬು ಒಳಗೆ, ಹಿಂಬದಿಯಲ್ಲಿ ಗಾಣ ಮತ್ತು ಒಲೆ, ಇನ್ನೊಂದು ತುದಿಯಲ್ಲಿ ಬೆಲ್ಲ ಹೊರಗೆ. ಮಳಿಗೆ ಈ ಎರಡನೆಯ ತುದಿಯಲ್ಲಿ, ಗೋದಾಮಿನ ಮುಂದೆ. ಕಾರುಗಳ ಗೇಟು, ಟ್ರ್ಯಾಕ್ಟರಿನ ಗೇಟು ಬೇರೆ ಬೇರೆಯಾಗಿರಬೇಕು. ಗಿರಾಕಿಗಳು ಬೆಲ್ಲ ಕಾಯುವುದನ್ನು ನೋಡಲು ಬಯಸುತ್ತಾರೆ, ತೋರಿಸಿ. ಆದರೆ ಗಾಜಿನ ಕಿಟಕಿಯ ಈಚೆಯಿಂದ. ಆಹಾರ ಸುರಕ್ಷತಾ ನಿಯಮಗಳ ನಾಲ್ಕನೇ ಅನುಸೂಚಿಯೂ ತಯಾರಿಕೆಯ ಜಾಗದ ಸ್ವಚ್ಛತೆಯನ್ನು ಕೇಳುತ್ತದೆ. ಶೌಚಾಲಯದ ಬಾಗಿಲು ಆ ಜಾಗಕ್ಕೆ ತೆರೆಯದಿರಲಿ, ಪಾಕದಿಂದ ತೆಗೆದ ಮಡ್ಡಿಯ ಚರಂಡಿ ಪ್ಯಾಕಿಂಗ್ ಕೋಣೆಯ ಹತ್ತಿರ ಹಾಯದಿರಲಿ.

ಹೀಗೆ ಜೋಡಿಸಿದರೆ ಗೋದಾಮು, ಮಳಿಗೆ ಸೇರಿ ಕಟ್ಟಡ 3,600 ಚದರಡಿಯಲ್ಲಿ ಮುಗಿಯುತ್ತದೆ ಎಂಬುದು ನನ್ನ ಲೆಕ್ಕ. ಅಡಿಪಾಯ ತೆಗೆಯುವ ಮೊದಲು ಜಮೀನಿನ ಮೇಲೆ ಸುಣ್ಣದ ಪುಡಿಯಿಂದ ಪೂರ್ತಿ ಅಳತೆಯ ಗೆರೆ ಎಳೆಯಿರಿ. ನಿಮ್ಮೂರಿನ ಅತಿ ಉದ್ದದ ಟ್ರೈಲರನ್ನು ಕಬ್ಬು ತುಂಬಿಸಿ ತರಿಸಿ, ಒಳಗೆ ಬಂದು ಇಳಿಸಿ ತಿರುಗಿಸಿಕೊಂಡು ಹೋಗಲು ಚಾಲಕನಿಗೆ ಹೇಳಿ. ಚಕ್ರ ಎಲ್ಲಿ ಗೆರೆ ದಾಟುತ್ತದೋ ಅಲ್ಲಿ ಗೋಡೆಯನ್ನು ಹಿಂದಕ್ಕೆ ಸರಿಸಿ, ಆ ಅಳತೆಗಳನ್ನು ಎಂಜಿನಿಯರಿಗೆ ಕೊಟ್ಟು ಹೊಸ ನಕ್ಷೆ ಕೇಳಿ.