ಕ್ಯಾಡಿಸ್ ಹುಳಕ್ಕೆ ಚೆಕ್ಕುಬಂದಿ ಬರೆಯುವ ಕೆಲಸ

“ಹೊಸ ಹುಳ ಎಲ್ಲಿ ಸಿಕ್ತ್ರಿ ಸರ್?” ಕಲಬುರಗಿಯಲ್ಲಿ ಪರಿಚಯದವರು ಕೇಳುವ ಮೊದಲ ಪ್ರಶ್ನೆ ಇದೇ. ಚಿಂಚೋಳಿ ಕಾಡು ಎಂದರೆ ಅವರಿಗೆ ಖುಷಿ. ಆದರೆ ಹಳ್ಳದ ದಂಡೆಯಲ್ಲಿ ನಿಂತಾಗ ಅದು ಹೊಸ ಜಾತಿಯೋ, ಮೊದಲೇ ಹೆಸರಿಟ್ಟ ಹಳೆಯದೋ ಹಿಡಿದವನಿಗೇ ಗೊತ್ತಿರುವುದಿಲ್ಲ. ಗೊತ್ತಾಗುವುದು ಎಷ್ಟೋ ತಿಂಗಳು ಕಳೆದ ಮೇಲೆ, ಸೂಕ್ಷ್ಮದರ್ಶಕದ ಮುಂದೆ, ಹಳೆಯ ಪ್ರಬಂಧಗಳ ರಾಶಿಯ ನಡುವೆ. ಅದೂ ಬಹಳ ಸಲ “ಇದು ಹಳೆಯದೇ” ಅಂತಲೇ ಗೊತ್ತಾಗುತ್ತದೆ.

ಕ್ಯಾಡಿಸ್ ಹುಳವನ್ನು ನೀವು ನೋಡಿರುತ್ತೀರಿ, ಪತಂಗ ಎಂದುಕೊಂಡು ಬಿಟ್ಟಿರುತ್ತೀರಿ. ಹೊಳೆ ಹತ್ತಿರದ ಊರುಗಳಲ್ಲಿ ಬೀದಿದೀಪಕ್ಕೆ ಸಣ್ಣ ಕಂದು ಹುಳಗಳು ಮುತ್ತುತ್ತವಲ್ಲ, ಅದರಲ್ಲಿ ಕೆಲವು ಇವು. ಕೂತಾಗ ರೆಕ್ಕೆಗಳು ಮೈಮೇಲೆ ಎರಡೂ ಕಡೆ ಇಳಿಜಾರಾಗಿ ಮಡಚಿರುತ್ತವೆ. ಕುಡಿಮೀಸೆ ಉದ್ದ. ಪತಂಗವನ್ನು ಮುಟ್ಟಿದರೆ ಬೆರಳಿಗೆ ಪುಡಿ ಅಂಟುತ್ತದೆ, ಇದನ್ನು ಮುಟ್ಟಿದರೆ ಸಾಮಾನ್ಯವಾಗಿ ಅಂಟುವುದಿಲ್ಲ. ಇದರ ರೆಕ್ಕೆಯ ಮೇಲೆ ಇರುವುದು ಸಣ್ಣ ಸಣ್ಣ ಕೂದಲು. ಚಿಟ್ಟೆ-ಪತಂಗಗಳಿಗೆ ಇದು ತೀರ ಹತ್ತಿರದ ಸಂಬಂಧಿ. ಆದರೆ ಮರಿಯಾಗಿ ಬೆಳೆಯುವುದು ನೀರಿನಲ್ಲಿ.

ರಾತ್ರಿ ಹೊಲದ ಬದಿ ಬಿಳಿ ಬಟ್ಟೆ ಕಟ್ಟಿ ದೀಪ ಹಚ್ಚಿ ಕೂತರೆ ರೈತರು ಬಂದು ನಿಲ್ಲುತ್ತಾರೆ. “ಇವು ತೊಗರಿಗಿ ಬೀಳ್ತಾವೇನ್ರಿ?” ನಮ್ಮ ಕಡೆ ಇದು ಸಹಜವಾದ ಚಿಂತೆ. ಬೀಳುವುದಿಲ್ಲ. ದೊಡ್ಡದಾದ ಮೇಲೆ ಈ ಹುಳ ಹೆಚ್ಚೆಂದರೆ ನೀರು, ಮಕರಂದ ನೆಕ್ಕುತ್ತದೆ. ತಿನ್ನುವ ಕೆಲಸವೆಲ್ಲ ಮರಿಯದ್ದು, ಅದು ನೀರಿನ ತಳದಲ್ಲೇ ನಡೆಯುತ್ತದೆ. ಮರಿ ಬಾಯಿಂದ ರೇಷ್ಮೆ ನೂಲು ಬಿಡುತ್ತದೆ. ಕೆಲವು ಜಾತಿ ಆ ನೂಲಿನಿಂದ ಮರಳು, ಎಲೆ ಚೂರು, ಕಡ್ಡಿ ಅಂಟಿಸಿ ಗೂಡು ಕಟ್ಟಿಕೊಂಡು ಅದನ್ನೇ ಎಳೆದುಕೊಂಡು ಓಡಾಡುತ್ತವೆ. ಇನ್ನು ಕೆಲವು ಕಲ್ಲಿಗೆ ಬಲೆ ನೇಯ್ದು ಹರಿವಿನಲ್ಲಿ ತೇಲಿ ಬಂದದ್ದನ್ನು ಹಿಡಿಯುತ್ತವೆ. ಒಂದು ಗುಂಪಿನ ಮರಳಿನ ಗೂಡು ಎಷ್ಟು ಚೊಕ್ಕವಾಗಿ ಸುರುಳಿ ಸುತ್ತಿರುತ್ತದೆ ಎಂದರೆ, 1834ರಲ್ಲಿ ಅಮೆರಿಕದ ಚಿಪ್ಪುತಜ್ಞ ಐಸಾಕ್ ಲೀ ಅದನ್ನು ಹೊಸ ಜಾತಿಯ ಬಸವನಹುಳು ಎಂದೇ ಹೆಸರಿಟ್ಟು ಪ್ರಕಟಿಸಿದರು. ಗೂಡಿನೊಳಗಿನ ಜೀವ ಬೇರೆಯೇ ಎಂದು ಗೊತ್ತಾದದ್ದು ಆಮೇಲೆ.

ಪ್ರಪಂಚದಲ್ಲಿ ಇವುಗಳ 16,000ಕ್ಕೂ ಹೆಚ್ಚು ಜಾತಿಗೆ ಹೆಸರಿದೆ. ಭಾರತದಲ್ಲೇ ಸಾವಿರ ದಾಟಿದೆ. ನಮ್ಮ ತಲೆನೋವು ಇಲ್ಲಿಂದಲೇ ಶುರು. ಕೈಯಲ್ಲಿರುವ ಹುಳ ಆ ಪಟ್ಟಿಯಲ್ಲಿರುವ ಯಾವುದೂ ಅಲ್ಲ ಎಂದು ತೋರಿಸಬೇಕು.

ರಾತ್ರಿ ಹಿಡಿದದ್ದನ್ನು 80 ಪರ್ಸೆಂಟ್ ಆಲ್ಕೋಹಾಲಿನಲ್ಲಿ ಹಾಕಿ ತರುತ್ತೇವೆ. ಬಾಟಲಿಯೊಳಗೆ ಊರು, ಹಳ್ಳದ ಹೆಸರು, ಅಕ್ಷಾಂಶ-ರೇಖಾಂಶ, ತಾರೀಕು, ಹಿಡಿದವರ ಹೆಸರು ಬರೆದ ಚೀಟಿ ಇರಬೇಕು. ಪೆನ್ಸಿಲ್ಲಿನಲ್ಲೇ ಬರೆಯಬೇಕು. ಬಾಲ್‌ಪೆನ್ ಶಾಯಿ ಆಲ್ಕೋಹಾಲಿಗೆ ಬಿಟ್ಟುಕೊಂಡು ಚೀಟಿ ಬೋಳಾಗುತ್ತದೆ.

ಆಮೇಲೆ ಗಂಡುಗಳನ್ನು ಆರಿಸುವುದು. ಬಣ್ಣ, ಗಾತ್ರ, ರೆಕ್ಕೆಯ ನರ ನೋಡಿ ಕುಟುಂಬ ಹೇಳಬಹುದು, ಕುಲವನ್ನೂ ಹೇಳಬಹುದು. ಜಾತಿ ಹೇಳಲು ಗಂಡಿನ ಹೊಟ್ಟೆಯ ತುದಿ, ಅಂದರೆ ಕೂಡುವ ಅಂಗಗಳನ್ನೇ ನೋಡಬೇಕು. ಕಿಮಾರ್ರಾ ಎನ್ನುವ ಒಂದೇ ಕುಲದಲ್ಲಿ ನೂರಾರು ಜಾತಿಗಳಿವೆ. ಹೊರಗಿನಿಂದ ನೋಡಿದರೆ ಎಷ್ಟೋ ಜಾತಿ ಒಂದೇ ಥರದ ಸಣ್ಣ ಕಪ್ಪು ಹುಳ. ಒಳಗೆ ನೋಡಿದರೆ ಒಂದರದು ಹೆಣ್ಣನ್ನು ಹಿಡಿಯುವ ಕೊಂಡಿ ಕವಲೊಡೆದಿದೆ, ಇನ್ನೊಂದರದು ಮೊಂಡು, ಮತ್ತೊಂದಕ್ಕೆ ಒಳಗಡೆ ಎರಡು ಮುಳ್ಳು.

ಇದನ್ನು ನೋಡುವುದಕ್ಕೆ ಹೊಟ್ಟೆಯ ಭಾಗವನ್ನು ಕತ್ತರಿಸಿ 10 ಪರ್ಸೆಂಟ್ ಕಾಸ್ಟಿಕ್ ಪೊಟ್ಯಾಷ್ ದ್ರಾವಣದಲ್ಲಿಟ್ಟು ಹದವಾಗಿ ಬಿಸಿ ಮಾಡುತ್ತೇವೆ. ಒಳಗಿನ ಮಾಂಸ, ಕೊಬ್ಬು ಕರಗಿ ಹೋಗುತ್ತದೆ. ಉಳಿಯುವುದು ತಿಳಿಗಂದು ಬಣ್ಣದ ಖಾಲಿ ಕವಚ. ಕಾವು ಕಡಿಮೆಯಾದರೆ ಒಳಗೆ ಕಪ್ಪು ಉಳಿದು ಏನೂ ಕಾಣುವುದಿಲ್ಲ. ಜಾಸ್ತಿಯಾದರೆ ಕವಚವೇ ಪಾರದರ್ಶಕವಾಗಿ ಅಂಚು ಸಿಗುವುದಿಲ್ಲ. ತೊಳೆದು ಗ್ಲಿಸರಿನ್ನಿನಲ್ಲಿ ಇಟ್ಟು, ಸೂಜಿಯಿಂದ ತಿರುಗಿಸುತ್ತಾ ಎಡ ಮಗ್ಗುಲಿನಿಂದ ಒಂದು, ಮೇಲಿನಿಂದ ಒಂದು, ಕೆಳಗಿನಿಂದ ಒಂದು ಚಿತ್ರ ಬರೆಯಬೇಕು. ಸ್ವಲ್ಪ ವಾರೆಯಾದರೂ ಸಾಕು, ಚೂಪು ತುದಿ ಮೊಂಡಾಗಿ ಕಾಣುತ್ತದೆ. ಇಂಥ ವಾರೆ ಚಿತ್ರದಿಂದ ಹುಟ್ಟಿದ “ಹೊಸ ಜಾತಿ”ಗಳೂ ಇಲ್ಲದಿಲ್ಲ.

ಫೋಟೊ ತೆಗೆದರೆ ಆಗಲ್ವಾ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ತೆಗೆಯಿರಿ, ಬೇಡ ಅನ್ನುವುದಿಲ್ಲ. ಆದರೆ ಇಂಥ ಸಣ್ಣ ಪಾರದರ್ಶಕ ವಸ್ತುವಿನಲ್ಲಿ ಮುಂದಿನದು ಹಿಂದಿನದು ಎಲ್ಲ ಒಂದರ ಮೇಲೊಂದು ಬಂದು ಫೋಟೊ ಗೊಂದಲವಾಗುತ್ತದೆ. ಕೈಯಲ್ಲಿ ಬರೆಯುವಾಗ ಯಾವ ಗೆರೆ ಯಾವ ಅಂಗದ್ದು ಎಂದು ತೀರ್ಮಾನಿಸಲೇಬೇಕು. ಅಲ್ಲೇ ಅರ್ಧ ಕೆಲಸ ಮುಗಿಯುತ್ತದೆ ಎಂಬುದು ನನ್ನ ಅನುಭವ.

ಚಿತ್ರ ಆದ ಮೇಲೆ ಹೋಲಿಸುವ ಕೆಲಸ. ಭಾರತದ ಕ್ಯಾಡಿಸ್‌ಗಳಲ್ಲಿ ಬಹಳಷ್ಟಕ್ಕೆ ಹೆಸರಿಟ್ಟವರು ಹೊರಗಿನವರು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಕೂತು ಮಾರ್ಟಿನ್ ಮೋಸ್ಲಿ 1930ರ ದಶಕದಲ್ಲಿ ಬರೆದರು. ಫರ್ನಾಂಡ್ ಶ್ಮಿಡ್ ಭಾರತಕ್ಕೇ ಬಂದು ಸುತ್ತಾಡಿ ಹಿಡಿದು, ಆಮೇಲೆ ಕೆನಡಾದಲ್ಲಿ ಕೂತು ಫ್ರೆಂಚ್ ಭಾಷೆಯಲ್ಲಿ ಬರೆದರು. ಈಚಿನ ವರ್ಷಗಳಲ್ಲಿ ಪಟಿಯಾಲದ ಪಂಜಾಬಿ ವಿಶ್ವವಿದ್ಯಾಲಯದಿಂದಲೂ ಅನೇಕ ಜಾತಿಗಳು ಬಂದಿವೆ. ಹಳೆಯ ಬರಹಗಳಲ್ಲಿ ಕೆಲವಕ್ಕೆ ಚಿತ್ರವೇ ಇಲ್ಲ, ಕೆಲವು ಬರೀ ಹೆಣ್ಣನ್ನು ನೋಡಿ ಬರೆದವು. ಇಂಥ ಒಂದು ಹೆಸರು ಅಡ್ಡ ಬಂದರೆ ಕೆಲಸ ನಿಂತಿತು ಎಂದೇ ತಿಳಿಯಿರಿ. ಆ ಹೆಸರಿಗೆ ಆಧಾರವಾದ ಮೂಲ ಹುಳ ಎಲ್ಲಿದೆಯೋ ಆ ಮ್ಯೂಸಿಯಂಗೆ ಬರೆದು ಕಾಯಬೇಕು.

ಇಷ್ಟೆಲ್ಲ ದಾಟಿದ ಮೇಲೆ ಬರೆಯುವುದು. ಜಮೀನಿನ ಪತ್ರದಲ್ಲಿ ಚೆಕ್ಕುಬಂದಿ ಬರೆಯುತ್ತಾರಲ್ಲ, ಪೂರ್ವಕ್ಕೆ ಇವರ ಹೊಲ, ಪಶ್ಚಿಮಕ್ಕೆ ಹಳ್ಳ ಅಂತ, ಹಾಗೇ ಇದೂ. ಅತಿ ಹತ್ತಿರದ ಜಾತಿಗಳು ಯಾವುವು, ಪ್ರತಿಯೊಂದರಿಂದ ಇದು ಎಲ್ಲಿ ಬೇರೆಯಾಗುತ್ತದೆ ಎಂದು ಹೇಳಬೇಕು. “ಸುಂದರವಾದ ಕಂದು ರೆಕ್ಕೆ” ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ನಮ್ಮನ್ನು ನೋಡಿಯೇ ಇಲ್ಲದ, ಬೇರೆ ದೇಶದ ಒಬ್ಬರು ಆ ಪುಟ ಓದಿ ತಮ್ಮ ಬಾಟಲಿಯಲ್ಲಿರುವ ಹುಳ ಇದೇ ಅಥವಾ ಇದಲ್ಲ ಎಂದು ಹೇಳುವಂತಿರಬೇಕು.

ನಿಯಮಗಳು ಕಟ್ಟುನಿಟ್ಟು. ಪ್ರಾಣಿಗಳ ಹೆಸರಿನ ಲೆಕ್ಕ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್‌ನ 1758ರ ಪುಸ್ತಕದಿಂದ ಶುರು. ಮೊದಲು ಪ್ರಕಟವಾದ ಹೆಸರಿಗೇ ಮಾನ್ಯತೆ. 1999ರ ನಂತರ ಪ್ರಕಟವಾದ ಹೊಸ ಜಾತಿಗೆ ಆಧಾರವಾದ ಮಾದರಿ ಹುಳ ಯಾವುದು, ಎಲ್ಲಿಡುತ್ತೇವೆ ಎಂದು ಸ್ಪಷ್ಟವಾಗಿ ಹೇಳದಿದ್ದರೆ ಹೆಸರೇ ಊರ್ಜಿತವಲ್ಲ. ನಮ್ಮ ದೇಶದಲ್ಲಿ 2002ರ ಜೀವವೈವಿಧ್ಯ ಕಾಯ್ದೆಯ 39ನೇ ಕಲಂ ಇದೆ. ಹೊಸ ಜಾತಿ ಸಿಕ್ಕರೆ ಗೊತ್ತುಪಡಿಸಿದ ಸಂಸ್ಥೆಗೆ ತಿಳಿಸಿ ಮಾದರಿಯನ್ನು ಅಲ್ಲಿ ಇಡಬೇಕು. ಪ್ರಾಣಿಗಳ ಮಟ್ಟಿಗೆ ಇಂಥವುಗಳಲ್ಲಿ ಮುಖ್ಯವಾದದ್ದು ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ. ಕಾಲೇಜಿನ ಕಪಾಟಿನಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ, ಮತ್ತೆ ಅದು ಒಳ್ಳೆಯದೇ. ಕಪಾಟಿನಲ್ಲಿ ಆಲ್ಕೋಹಾಲ್ ಆರಿ ಹಾಳಾದ ಹುಳಗಳ ಲೆಕ್ಕ ಇಟ್ಟವರಿಲ್ಲ. ಚಿಂಚೋಳಿಯಂಥ ವನ್ಯಜೀವಿ ಧಾಮದೊಳಗೆ ಹಿಡಿಯುವುದಕ್ಕೆ ಅರಣ್ಯ ಇಲಾಖೆಯ ಅನುಮತಿಯೂ ಮೊದಲೇ ಬೇಕು.

ಹೆಸರಿಡುವುದರ ಬಗ್ಗೆ ಜನಕ್ಕೆ ಕುತೂಹಲ ಜಾಸ್ತಿ, ಅದು ಕೆಲಸದಲ್ಲಿ ತೀರ ಸಣ್ಣ ಭಾಗ. ಊರಿನ ಹೆಸರಿಡಬಹುದು, ಹಿರಿಯರ ಹೆಸರಿಡಬಹುದು. ತನ್ನ ಹೆಸರನ್ನೇ ಇಟ್ಟುಕೊಂಡರೆ ನಿಯಮ ತಡೆಯುವುದಿಲ್ಲ, ಬಳಗದವರು ನಗುತ್ತಾರೆ ಅಷ್ಟೇ. ಊರಿನ ಹೆಸರು ಬದಲಾದರೆ ಹುಳದ ಹೆಸರು ಬದಲಾಗುವುದಿಲ್ಲ. ಗುಲಬರ್ಗಾ 2014ರಲ್ಲಿ ಕಲಬುರಗಿಯಾಯಿತು. ಅದಕ್ಕೂ ಮುಂಚೆ ಯಾವುದಾದರೂ ಜೀವಿಗೆ ಗುಲಬರ್ಗಾದ ಹೆಸರಿಟ್ಟಿದ್ದರೆ ಅದು ಕೊನೆತನಕ ಹಾಗೇ.

ಇನ್ನು, ಎಲ್ಲಿ ಹುಡುಕಬೇಕು ಎಂಬುದು. ಕೀಟ ಹಿಡಿಯುವವರೆಲ್ಲ ಪಶ್ಚಿಮ ಘಟ್ಟಕ್ಕೆ ಓಡುತ್ತಾರೆ. ಎರಿ ಹೊಲದ ನಾಡಿನಲ್ಲಿ ಏನಿರುತ್ತೆ ಬಿಡಿ ಎನ್ನುವ ಭಾವನೆ. ನನಗೆ ಇದು ಒಪ್ಪಿಗೆಯಿಲ್ಲ. ಬೀದರ್ ಇರುವ ಎತ್ತರದ ಬಯಲನ್ನೇ ನೋಡಿ. ಮೇಲೆ ಕೆಂಪು ಜಂಬಿಟ್ಟಿಗೆ, ಕೆಳಗೆ ಗಟ್ಟಿ ಕರಿಕಲ್ಲು. ಮಳೆನೀರು ಜಂಬಿಟ್ಟಿಗೆಯಲ್ಲಿ ಇಳಿದು ಕರಿಕಲ್ಲು ತಾಕಿ ಅಂಚಿನಲ್ಲಿ ಒಸರುತ್ತದೆ. ಬೀದರ್ ಪಕ್ಕದ ನೌಬಾದಿನಲ್ಲಿ ನೆಲದಡಿಯ ಸುರಂಗ ಬಾವಿ ತೋಡಿದವರು ಈ ನೀರನ್ನೇ ನಂಬಿದ್ದು. ಹಳ್ಳ ಬೇಸಿಗೆಗೆ ಬತ್ತಿದರೂ ಇಂಥ ಒರತೆ ಬೇಗ ಬತ್ತುವುದಿಲ್ಲ, ನೀರಿನ ತಂಪೂ ಹೆಚ್ಚು ಬದಲಾಗುವುದಿಲ್ಲ. ಒರತೆಗಳನ್ನೇ ಹಿಡಿದು ಬದುಕುವ ಕ್ಯಾಡಿಸ್ ಜಾತಿಗಳು ಬೇರೆ ದೇಶಗಳಲ್ಲಿ ಸಾಕಷ್ಟು ಇವೆ. ಹಾಗಾಗಿ ನಾನು ಮೊದಲು ಬಟ್ಟೆ ಕಟ್ಟುವುದು ಇಂಥ ಕಡೆ. ಯಾದಗಿರಿ ಜಿಲ್ಲೆಯಲ್ಲಿ ಗುರುಮಠಕಲ್ ಕಡೆಯ ಜಲಪಾತಗಳ ಕೆಳಗೂ ಚಳಿಗಾಲದ ಶುರುವಿನಲ್ಲಿ ಹೋಗಬೇಕು. ನೀರು ತಿಳಿಯಾಗಿರುತ್ತದೆ, ಇನ್ನೂ ಹರಿಯುತ್ತಿರುತ್ತದೆ.

ಹೆಸರಿಟ್ಟು ಏನು ಪ್ರಯೋಜನ ಎಂದರೆ ನೀರಿನ ಪರೀಕ್ಷೆ. ನದಿಯ ಆರೋಗ್ಯ ಅಳೆಯಲು ಕಲ್ಲಿನಡಿಯ ಮರಿಗಳನ್ನು ಎಣಿಸುವ ಪದ್ಧತಿ ಇದೆ. ಒಂದೇ ಕುಲದಲ್ಲಿ ಒಂದು ಜಾತಿ ಕೊಳೆನೀರು ತಡೆದುಕೊಳ್ಳುತ್ತದೆ, ಇನ್ನೊಂದು ಸಾಯುತ್ತದೆ. ಎರಡನ್ನೂ ಒಂದೇ ಎಂದು ಎಣಿಸಿದರೆ ಕಾಗಿಣಾ ಹೊಳೆಯ ಬಗ್ಗೆ ಬರುವ ಉತ್ತರ ತಪ್ಪಾಗುತ್ತದೆ.

ತೊಡಕು ಏನೆಂದರೆ ನಾವು ಹೆಸರಿಡುವುದು ಗಂಡು ಹುಳಕ್ಕೆ, ಎಣಿಸಬೇಕಾದದ್ದು ಮರಿಯನ್ನು. ಮರಿ ಯಾವ ಗಂಡಿನದು ಎಂದು ಹೆಚ್ಚಿನವಕ್ಕೆ ಗೊತ್ತೇ ಇಲ್ಲ. ಮರಿ, ಗಂಡು ಎರಡರದೂ 658 ಅಕ್ಷರಗಳ ಡಿಎನ್‌ಎ ತುಣುಕು ಓದಿಸಿ, ಹೋಲಿಸಿ ಜೋಡಿಸಬಹುದು, ಅದಕ್ಕೆ ದುಡ್ಡು ಬೇಕು. ಹಳೆಯ ಉಪಾಯವೂ ಒಂದಿದೆ. ಮರಿ ಕೋಶವಾಗುವಾಗ, ಅಂದರೆ ರೆಕ್ಕೆಯ ಹುಳವಾಗುವ ಮುಂಚಿನ ಹಂತದಲ್ಲಿ, ಗೂಡಿನ ಬಾಯಿ ಮುಚ್ಚಿ ಹಳೆಯ ತೊಗಲನ್ನು ಒಳಗೇ ಬಿಡುತ್ತದೆ. ಹೊರಬರುವ ಹೊತ್ತಿಗೆ ಸರಿಯಾಗಿ ಗೂಡು ಬಿಡಿಸಿದರೆ ಮರಿಯ ತಲೆಯ ಕವಚ ಒಂದು ಮೂಲೆಯಲ್ಲಿ ಸಿಗುತ್ತದೆ, ಕೋಶದ ತೆಳು ಪೊರೆಯೊಳಗೆ ಗಂಡಿನ ಅಂಗಗಳು ಪೂರ್ತಿ ಬಲಿತು ಕಾಣುತ್ತವೆ. ಒಂದೇ ಗೂಡಿನಲ್ಲಿ ಮರಿಯೂ ದೊಡ್ಡದೂ. ಆದ್ದರಿಂದ ಹಳ್ಳದಲ್ಲಿ ಕಲ್ಲು ಮಗುಚಿದಾಗ ಬಾಯಿ ಮುಚ್ಚಿದ ಗೂಡು ಅಂಟಿರುವುದು ಕಂಡರೆ ಖಾಲಿ ಎಂದು ಬಿಡಬೇಡಿ. ಹಾಗೇ ಇಡೀ ಬಾಟಲಿಗೆ ಹಾಕಿ, ಪೆನ್ಸಿಲ್ ಚೀಟಿಯ ಜೊತೆ ತನ್ನಿ.